ಅಕ್ಕನ ತರಗತಿಯವರು ಮಾತಾಡಿಸಿದ ಮಧ್ಯಾಹ್ನ

ದೇವದುರ್ಗದ ನಮ್ಮ ತವರುಮನೆಯಲ್ಲಿ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ಅದಕ್ಕೇ ಅಕ್ಕ ಶನಿವಾರ ಅಂಗನವಾಡಿ ಮುಗಿಸಿ, ಬಸ್ಸು ಹಿಡಿದು ಮಾನ್ವಿಯ ನನ್ನ ಮನೆಗೆ ಬರುತ್ತಿದ್ದಳು. ಹೊರದೇಶದ ವಿಶ್ವವಿದ್ಯಾಲಯವೊಂದು ಮಕ್ಕಳ ಪೋಷಣೆಯ ಬಗ್ಗೆ ಆನ್‌ಲೈನಿನಲ್ಲಿ ನಡೆಸುತ್ತಿದ್ದ ಪಾಠಕ್ಕೆ ಸೇರಿದ್ದಳು. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಪರದೆಯ ತುಂಬ ಮುಖಗಳು. ಕೀನ್ಯಾದವರು, ನೇಪಾಳದವರು, ಪೆರು ದೇಶದ ಒಬ್ಬ ಹುಡುಗಿ.

ಒಮ್ಮೆ ಅವ್ವನೂ ಜೊತೆಗೆ ಬಂದಿದ್ದಳು. ಬಾಗಿಲಲ್ಲಿ ನಿಂತು ಆ ಹುಡುಗಿಯನ್ನು ನೋಡಿ, "ಮೂಲ್ಯಾಗಿನಾಕಿ ಯಾಕ ಕತ್ತಲದಾಗ ಕುಂತಾಳ?" ಎಂದಳು.

"ಅಲ್ಲಿ ಇನ್ನೂ ಬೆಳಗಾಗಿಲ್ಲಬೇ ಯವ್ವಾ."

"ಹಂಗಾರ ಮಕ್ಕೊಳ್ಳಲಿ ಬಿಡು, ಪಾಪ. ನಿಮ್ಮ ಮಾಸ್ತರಿಗಿ ಕರುಳಿಲ್ಲೇನು?"

ಅಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ನಾನು ಚಹಾ ಇಟ್ಟು ಬಾಗಿಲು ಎಳೆದುಕೊಂಡೆ. ಅವಳಿಗೆ ತೊಂದರೆಯಾಗಬಾರದೆಂದು ಯಾವಾಗಲೂ ಹಾಗೇ ಮಾಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದರೂ ಅವರಲ್ಲಿ ಒಬ್ಬರ ಪರಿಚಯವಾದರೂ ಇರುತ್ತಿತ್ತು.

ಜ್ವರವೆಂದು ರಾಯಚೂರಿನ ಆಸ್ಪತ್ರೆ ಸೇರಿದ ಅಕ್ಕ ಮತ್ತೆ ಎದ್ದು ಬರಲಿಲ್ಲ. ಹತ್ತಿರದ ಗೂಗಲ್, ಕವಿತಾಳ ಊರುಗಳೂ ಸೇರಿ ಎಲ್ಲ ಕಡೆಯ ನೆಂಟರಿಗೂ ಫೋನು ಹೋಯಿತು. ಮುಖ ನೋಡುವವರು ಬರಲಿ ಎಂದು ಸಂಜೆಯವರೆಗೆ ಮಣ್ಣು ಮಾಡದೆ ಕಾದೆವು. ಪರದೆಯ ಮೇಲಿನ ಆ ಮುಖಗಳು ಯಾರ ನೆನಪಿಗೂ ಬರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಶನಿವಾರ ನಾನೇ ಲ್ಯಾಪ್‌ಟಾಪ್ ತೆರೆದೆ. ಬಸ್ಸು ತಡವಾದರೆ ತೆರೆದಿಡಲಿ ಎಂದು ಅವಳೇ ಕಲಿಸಿದ್ದಳು. ಅಕ್ಕನ ಹೆಸರು ಮೂಡಿದ್ದೇ ಎಲ್ಲರೂ ಕೈ ಬೀಸಿದರು. ನನಗೆ ಇಂಗ್ಲಿಷ್ ಬಾರದು. ಹೈದರಾಬಾದಿನ ಒಬ್ಬಾಕೆಗೆ ನಮ್ಮ ಬಜಾರಿನ ಉರ್ದುವಿನಲ್ಲಿ ಹೇಳಿದೆ, ಆಕೆ ಉಳಿದವರಿಗೆ ತಿಳಿಸಿದಳು. ಬೀಸಿದ ಕೈಗಳು ಬಾಯಿಯ ಮೇಲೆ ಹೋದವು. ನಿಮ್ಮ ತಾಯಿಯನ್ನು ಮಾತಾಡಿಸಬೇಕು ಎಂದರು.

ಅವ್ವ ಒಪ್ಪಲಿಲ್ಲ. "ಮಾತಾಡಸಾಕ ಅವರು ಬರಬೇಕು. ಸತ್ತ ಮನ್ಯಾಗಿನವರು ಬಸ್ ಹತ್ತಿ ಹೋಗೂದು ಎಲ್ಲ್ಯದ ಪದ್ಧತಿ?"

"ಅವರಿಗಿ ಬರಾಕ ಆಗಂಗಿಲ್ಲಬೇ. ಆಕಿ ಮುಖಾನೂ ನೋಡಲಿಲ್ಲ ಅವರು."

ಅವ್ವ ಮುಂದಿನ ಶನಿವಾರ ಬಂದಳು.

ಸತ್ತ ಮನೆಯವರನ್ನು ಮಾತಾಡಿಸುವುದು ನಿಮ್ಮಲ್ಲಿ ಹೇಗೆ ಎಂದು ಹೈದರಾಬಾದಿನಾಕೆ ಮೊದಲೇ ಕೇಳಿದ್ದಳು. ಎದುರಿಗೆ ಕೂತರೆ ಸಾಕು, ಏಳುವಾಗ ಮಾತ್ರ ಹೋಗಿ ಬರುತ್ತೇವೆ ಅನ್ನಬಾರದು ಎಂದಿದ್ದೆ. ಹಾಗೇ ಕೂತರು. ಮಾಸ್ತರರೂ ಪಾಠ ತೆಗೆಯಲಿಲ್ಲ. ಕೀನ್ಯಾದ ಹೆಂಗಸು ಕಣ್ಣೊರೆಸಿಕೊಂಡು ಹೇಳಿದ್ದು ಎರಡು ಬಾಯಿ ದಾಟಿ ಅವ್ವನನ್ನು ಮುಟ್ಟಿತು. ನೀವು ಅಂದ ಮಾತನ್ನು ನಿಮ್ಮ ಮಗಳು ನಮಗೆ ಹೇಳಿದ್ದಳು, ಅಂದಿನಿಂದ ಪಾಠ ಶುರುವಾಗುವಾಗೆಲ್ಲ ಮಾಸ್ತರರಿಗೆ ಕರುಳಿದೆಯೇ ಎಂದು ಕೇಳುತ್ತೇವೆ.

ಅವ್ವ ನಗಲು ಹೋಗಿ ಅತ್ತಳು. "ನನ್ನ ಮಾತು ಅಷ್ಟು ದೂರ ಒಯ್ದಾಳ. ಆಕಿ ಸುದ್ದಿ ನಾವು ಇವರಿಗಿ ಮುಟ್ಟಸಲಿಲ್ಲ."

ಆಮೇಲೆ ಒಬ್ಬೊಬ್ಬರೇ, ಏನೂ ಹೇಳದೆ ಹೋದರು. ಹೈದರಾಬಾದಿನಾಕೆಯೂ ಹೋದಳು. ಪೆರುವಿನ ಹುಡುಗಿ ಮಾತ್ರ ಕತ್ತಲಲ್ಲಿ ಕೂತೇ ಇದ್ದಳು.

"ಆಕಿಗಿ ಮಕ್ಕೋ ಅನ್ನು," ಎಂದಳು ಅವ್ವ.

ನಾನು ಕೆನ್ನೆಗೆ ಕೈ ಹಚ್ಚಿ ತೋರಿಸಿದೆ. ಹುಡುಗಿ ತಲೆಯಾಡಿಸಿದಳು, ಆದರೆ ಏಳಲಿಲ್ಲ. ಅವ್ವನೂ ಏಳಲಿಲ್ಲ.