ಹಸಿರು ಬಣ್ಣದಡಿಯ ಕಿರೀಟ

ಬೆಲ್‌ಫಾಸ್ಟ್ ರೈಲು ತಡ. ಗಡಿಯ ಈಚೆ, ಐರ್ಲೆಂಡ್ ಗಣರಾಜ್ಯದ ಡಂಡಾಕ್ ನಿಲ್ದಾಣದ ಹಸಿರು ಅಂಚೆಪೆಟ್ಟಿಗೆಗೆ ಒರಗಿ ನನ್ನ ತಮ್ಮ ಸುಧೀರ ಪ್ರಮಾಣವಚನ ಗೊಣಗುತ್ತಿದ್ದಾನೆ. ನಾಳೆ ಗಡಿಯಾಚೆ ಬೆಲ್‌ಫಾಸ್ಟ್‌ನಲ್ಲಿ ಅವನು ಅದನ್ನು ಹೇಳಿ ಬ್ರಿಟಿಷ್ ಪ್ರಜೆಯಾಗಬೇಕು.

“ಈ ಕಡೆ ಲಿಮೆರಿಕ್‌ನಲ್ಲಿರೋ ಫ್ರೆಂಡ್ ಐರಿಶ್ ಪ್ರಜೆ ಆಗೋವಾಗ ದೇಶಕ್ಕೆ ನಿಷ್ಠೆ ಅಂತ ಹೇಳಿ ಬಂದ, ಅಷ್ಟೇ, ಗ್ರ್ಯಾಂಡ್. ನಾನು ರಾಜನಿಗೆ ಹೇಳ್ಬೇಕಕ್ಕ. ಅವನ ವಾರಸುದಾರರಿಗೂ!”

“ಅಜ್ಜ ಇದ್ದಿದ್ರೆ ಕಿವಿ ಹಿಂಡ್ತಿದ್ರು,” ಎಂದೆ. ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಅರಮನೆಯ ಮುಂದೆ ಕೂಗಿ ಜೈಲಿಗೆ ಹೋದವರು ನಮ್ಮಜ್ಜ. ಆದರೂ ನಡುಮನೆಯಲ್ಲಿದ್ದ ಮಹಾರಾಜರ ಪಟವನ್ನು ಅವರು ಕೊನೆಯವರೆಗೂ ಇಳಿಸಲಿಲ್ಲ.

“ಪಟ ಇಟ್ಕೊಂಡಿದ್ದು ಅವರಿಷ್ಟ. ನಾನು ಹೇಳ್ದಿದ್ರೆ ಪಾಸ್‌ಪೋರ್ಟ್ ಇಲ್ಲ.”

ಪೆಟ್ಟಿಗೆಯ ಮೇಲೆ ಕೈಯಾಡಿಸಿದೆ. ದಪ್ಪ ಹಸಿರು ಬಣ್ಣದಡಿ ಉಬ್ಬಿದ ಕಿರೀಟ ಬೆರಳಿಗೆ ತಾಗಿತು. ಬ್ರಿಟಿಷ್ ರಾಜನನ್ನು ಕಳಿಸಿದ ಐರಿಶ್ ಜನ ಅವನ ಕಾಲದ ಡಬ್ಬವನ್ನು ಎಸೆಯದೆ ಬಣ್ಣ ಬಳಿದು ಇಟ್ಟುಕೊಂಡಿದ್ದಾರೆ.

“ಇವರು ಕಳಿಸಿಬಿಟ್ರು. ಆ ಕಡೆಯವರು ಯಾವಾಗ ಕಳಿಸ್ತಾರೋ?” ಎಂದ ಸುಧೀರ.

“ನೀನೂ ಅಲ್ಲಿ ವೋಟು ಹಾಕ್ತೀಯಲ್ಲ, ಕೇಳು.”

“ಕೇಳಬಹುದು. ಆದರೆ ಮೊದಲು ನಿಷ್ಠೆ ಹೇಳ್ಬೇಕು,” ಎಂದು ನಕ್ಕ. ಆ ನಗುವಿನಲ್ಲಿ ಜೀವವಿರಲಿಲ್ಲ.

ರೈಲು ಬಂತು. ಗಡಿ ಎಲ್ಲಿ ದಾಟಿತೋ ತಿಳಿಯಲಿಲ್ಲ. ಕಿಟಕಿಯತ್ತ ಮುಖ ಮಾಡಿದ್ದ ಅವನ ತುಟಿಗಳು ಮತ್ತೆ ಅಲುಗತೊಡಗಿದ್ದವು.