ಬಾಟ್ಲಿಯಕ್ಕನಲ್ಲಿಗೆ ತಡವಾಗಿ ಹೋದೆ

ಬೆಳಗ್ಗೆ ಐದೂಮುಕ್ಕಾಲು. ಬೀದಿಯಲ್ಲಿ ಇನ್ನೂ ಬಸ್ಸಿನ ಹೊಗೆ ಎದ್ದಿಲ್ಲ. ಪ್ರಯೋಗಾಲಯದ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬಾಕೆ ಪುಟ್ಟ ಕಂದು ಬಾಟಲಿಯೊಂದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. "ನಿನ್ನೆ ಲವಂಗ ಇತ್ತು ಇದ್ರಲ್ಲಿ. ತೊಳೆದದ್ದು ಸಾಲದು," ಎಂದು ಪಕ್ಕಕ್ಕಿಡುತ್ತಾರೆ. ನನ್ನ ಮೂಗಿಗೆ ಏನೂ ತಿಳಿಯುವುದಿಲ್ಲ.

ವಾಸನೆಯನ್ನು ಮಿದುಳು ಹೇಗೆ ಗುರುತಿಸುತ್ತದೆ ಎಂಬ ಅಧ್ಯಯನ ಇಲ್ಲಿ ನಡೆಯುತ್ತಿದೆ. ಮಲಗಿದವರ ಮೂಗಿಗೆ ನಳಿಕೆಯಲ್ಲಿ ವಾಸನೆ ಬಿಟ್ಟು, ಅದೇ ಹೊತ್ತಿಗೆ ಮಿದುಳಿನ ಚಿತ್ರ ತೆಗೆಯುತ್ತಾರೆ. ಪ್ರಬಂಧಗಳಲ್ಲಿ ವಿಜ್ಞಾನಿಗಳ ಹೆಸರಿರುತ್ತದೆ. ವಾಸನೆ ತುಂಬಿಡುವ ಈಕೆಯ ಹೆಸರು ಎಲ್ಲೂ ಇಲ್ಲ. ದಿನಕ್ಕೆ ತೊಂಬತ್ತಾರು ಬಾಟಲಿ. ನಿಂಬೆ, ಲವಂಗ, ಸೀಮೆಎಣ್ಣೆ, ಹುಳಿತ ಹಾಲು. ಒಂದು ಹನಿ ಹೆಚ್ಚಾದರೆ ಆ ದಿನದ ಪರೀಕ್ಷೆಯೆಲ್ಲ ನೀರಿನಲ್ಲಿ ಹೋಮ.

"ಎಲ್ರೂ ಬಾಟ್ಲಿಯಕ್ಕ ಅಂತಾರೆ. ಹೊರಗಡೆ ಹಾಗೆ ಕರೀಬೇಡ್ರಪ್ಪಾ, ಜನ ಬೇರೆ ಬಾಟ್ಲಿ ಅಂದ್ಕೋತಾರೆ ಅಂತೀನಿ," ಎಂದು ನಗುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಪೌಡರಿಲ್ಲ, ಘಮಘಮ ಸೋಪಿಲ್ಲ, ಹಸಿ ಈರುಳ್ಳಿಯಿಲ್ಲ. "ಮಗಳ ಮದುವೆ ದಿನ ಸೆಂಟು ಹಾಕ್ಕೊಂಡೆ. ತಲೆನೋವು ಬಂತು!"

ಇದನ್ನೆಲ್ಲ ಬರೆದುಕೊಳ್ಳುತ್ತಿರುವ ನಾನು ಇಲ್ಲಿಗೆ ಬಂದದ್ದು ಇದೇ ಮೊದಲು. ಆರು ವರ್ಷದ ಹಿಂದೆ ಇದೇ ಪತ್ರಿಕೆಯಲ್ಲಿ 'ಮೂಸಿ ನೋಡಲು ಸರ್ಕಾರದ ದುಡ್ಡು!' ಎಂಬ ಟಿಪ್ಪಣಿ ಬರೆದವನು ನಾನು. ಅನುದಾನದ ಪಟ್ಟಿಯ ಒಂದು ಸಾಲು ನೋಡಿ, ಕುರ್ಚಿಯಿಂದ ಏಳದೆ, ಅರ್ಧ ಗಂಟೆಯಲ್ಲಿ ಗೀಚಿದ್ದು. ಹೆಸರು ಹಾಕಿರಲಿಲ್ಲ. ಸದನದಲ್ಲಿ ಅದನ್ನು ಓದಿ ನಕ್ಕರು. ಅನುದಾನ ನಿಂತಿತು. ಆಗ ಕಚೇರಿಯಲ್ಲಿ ನನ್ನ ಬೆನ್ನು ತಟ್ಟಿದ್ದರು.

ಅಕ್ಕನಿಗೆ ಇದು ಗೊತ್ತಿಲ್ಲ. ಪ್ರಯೋಗಾಲಯ ಮುಚ್ಚಿದ ಐದು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದ್ದನ್ನು ಹೇಳುತ್ತಾರೆ. ಹೊಸ ಅನುದಾನ ಬಂದು ಎಂಟು ತಿಂಗಳಾಗಿದೆ.

"ಕೆಲ್ಸ ಹೋಗಿದ್ದು ಹೋಯ್ತು ಬಿಡಿ. ಪರೀಕ್ಷೆಗೆ ಬರ್ತಿದ್ದ ಹದಿನೇಳು ಜನ ಇದ್ರಲ್ಲ, ಎಲ್ಲಾ ವಾಸನೆ ತಿಳಿಯೋ ಶಕ್ತಿ ಕಳ್ಕೊಂಡೋರು, ಅವ್ರದ್ದೇ ಸಂಕಟ. ಒಬ್ರು ಬೇಕರಿಯವ್ರು. ಬಿದ್ದು ತಲೆಗೆ ಪೆಟ್ಟಾಗಿತ್ತು. ಬ್ರೆಡ್ಡು ಸೀದ್ರೂ ತಿಳೀತಿರ್ಲಿಲ್ಲ. ವರ್ಷಗಟ್ಟಲೆ ಬಂದು ಬಂದು, ಒಂದಿನ ಲವಂಗದ ಬಾಟ್ಲಿ ಹಿಡ್ಕೊಂಡು, 'ಅಕ್ಕಾ, ಏನೋ ಇದೆ' ಅಂತ ಅತ್ತುಬಿಟ್ರು. ಮುಂದಿನ ಗುರುವಾರ ಬನ್ನಿ ಅಂದೆ. ಗುರುವಾರ ನೋಡಿದ್ರೆ ಬಾಗಿಲಿಗೆ ಬೀಗ. ಆಮೇಲೆ ಅವರ ಅಂಗಡಿ ಇರೋ ರಸ್ತೇಲಿ ಹೋಗೋದೇ ಬಿಟ್ಟೆ. ಬನ್ನಿ ಅಂದೋಳು ನಾನಲ್ವಾ?"

ನಾನು ಮಾಡಿದ್ದಕ್ಕೆ ಈಕೆ ಸುತ್ತು ದಾರಿಯಲ್ಲಿ ಮನೆಗೆ ಹೋಗುತ್ತಿದ್ದಾರೆ. ತಲೆ ಎತ್ತಲಾಗದೆ ಹೇಳುತ್ತೇನೆ: "ಅಕ್ಕಾ, ಮೂಸಿ ನೋಡೋಕೆ ಸರ್ಕಾರದ ದುಡ್ಡು ಅಂತ ಪೇಪರಲ್ಲಿ ಬಂದಿತ್ತಲ್ಲ, ಅದನ್ನ ಬರೆದಿದ್ದು ನಾನೇ."

ಅವರ ಕೈ ನಿಲ್ಲುತ್ತದೆ. "ನೀವಾ?" ಬಾಟಲಿಯನ್ನು ಮೇಜಿನ ಮೇಲಿಡುತ್ತಾರೆ. "ನಮ್ಮನೆಯವ್ರು ಜೋರಾಗಿ ಓದಿದ್ರು. ನಮ್ಮ ಲ್ಯಾಬಿನ ವಿಷ್ಯ ಅಂತ ತಿಳೀದೆ ನಾನೂ ನಕ್ಕಿದ್ದೆ. ಬರೆಯೋಕೆ ಮುಂಚೆ ಒಂದ್ಸಲ ಬರಬಾರ್ದಿತ್ತಾ? ಬೆಳಗ್ಗೆ ನಾನು ಇಲ್ಲೇ ಇರ್ತಿದ್ದೆ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯುವುದಿಲ್ಲ. ಬಾಟಲಿಗೆ ಮುಚ್ಚಳ ತಿರುಗಿಸುತ್ತಾ ಕೇಳುತ್ತಾರೆ: "ನನ್ನ ವಿಷ್ಯ ಬಿಡಿ. ಲ್ಯಾಬು ಮತ್ತೆ ತೆಗೆದಿದೆ ಅಂತ ಬರೀತೀರಾ? ಹದಿನೇಳು ಜನಾನೂ ಪೇಪರ್ ಓದ್ತಾರೋ ಏನೋ. ನಾನೇ ಹೋಗಿ ಕರೆಯೋಕೆ ಮುಖ ಇಲ್ಲ."

ಬರೆಯುತ್ತಿದ್ದೇನೆ, ಈ ಸಲ ಹೆಸರು ಹಾಕಿ. ಪ್ರಯೋಗಾಲಯ ತೆರೆದಿದೆ. ಗುರುವಾರ, ಬೆಳಗ್ಗೆ ಒಂಬತ್ತಕ್ಕೆ. ಬೇಕರಿಯವರೇ, ದಯವಿಟ್ಟು ಬನ್ನಿ. ಅಂದು ಬೀಗ ಬಿದ್ದದ್ದು ಅಕ್ಕನ ತಪ್ಪಲ್ಲ.