ಅಮ್ಮಣ್ಣಿ ಅತ್ತೆ ಎಳ್ಳು ಬೀರಿದ ವರ್ಷ

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಾರನೆಯ ದಿನವೇ ಅಪ್ಪ ನನ್ನನ್ನೂ ತಮ್ಮ ಸುಜಯೀಂದ್ರನನ್ನೂ ಮಣಲಿಯಿಂದ ಬಸ್ಸಿನಲ್ಲಿ ಕರೆತಂದು ಪುರಸೈವಾಕ್ಕಂನ ಅಮ್ಮಣ್ಣಿ ಅತ್ತೆಯ ಮನೆಯಲ್ಲಿ ಬಿಡುತ್ತಿದ್ದರು. ಅತ್ತೆ ಅಪ್ಪನ ಅಕ್ಕ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಾಗ, ಎಗ್ಮೋರಿನ ರೈಲ್ವೆ ಕಚೇರಿಯಲ್ಲಿದ್ದ ಅವರ ಕೆಲಸ ಅತ್ತೆಗೆ ಸಿಕ್ಕಿತ್ತು. ಮಕ್ಕಳಿರಲಿಲ್ಲ. ರಜೆಯಲ್ಲಿ ನಾವೇ ಮಕ್ಕಳು.

ಧನುರ್ಮಾಸದ ಬೆಳಗುಗಳಲ್ಲಿ ಹುಗ್ಗಿಯ ಮೆಣಸಿನ ಘಮಕ್ಕೆ ನಮಗೆ ಎಚ್ಚರವಾಗುತ್ತಿತ್ತು. ಸಂಜೆ ಅತ್ತೆ ಅಂಗಡಿಬೀದಿಗೆ ಕರೆದೊಯ್ದು ನನಗೆ ಲಂಗದ ಬಟ್ಟೆ, ಸುಜಿಗೆ ಶರ್ಟು ಕೊಡಿಸುತ್ತಿದ್ದರು. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುತ್ತಿದ್ದುದೂ ಈ ರಜೆಯಲ್ಲೇ. ತವರಿನಿಂದ ತಂದ ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ದಾರ ಬಿಗಿದು, ಅತ್ತೆ ಬಿಸಿ ಪಾಕ ಹುಯ್ಯುತ್ತಿದ್ದರು. ಬಿಚ್ಚಿದರೆ ಗಿಳಿ, ಮೀನು, ಬೃಂದಾವನ.

ಹಬ್ಬದ ದಿನ ಅವನ್ನು ಎಳ್ಳು ಬೆಲ್ಲದ ಜೊತೆ ಮನೆಮನೆಗೆ ಹಂಚುವುದು ಮಾತ್ರ ನಮ್ಮ ಪಾಲಿಗೆ.

“ನೀವೂ ಬನ್ನಿ ಅತ್ತೆ.”

“ನಾನು ಬರಬಾರದು ಕಂದ. ನೀವೇ ಕೊಟ್ಟುಟ್ಟು ಬನ್ನಿ.”

ಯಾಕೆ ಎಂದು ನಾವು ಕೇಳುತ್ತಿರಲಿಲ್ಲ.

ತೊಂಬತ್ತೆಂಟರ ನವೆಂಬರ್ ಮಳೆಗೆ ಅತ್ತೆಯ ಮನೆಯೊಳಗೆ ನೀರು ನುಗ್ಗಿತು. ನಾವು ಹೋಗುವಷ್ಟರಲ್ಲಿ ಅಚ್ಚುಗಳೆಲ್ಲ ಊದಿ ಸೀಳಿಹೋಗಿದ್ದವು. “ಈ ವರ್ಷ ಬರೀ ಎಳ್ಳು ಬೆಲ್ಲ,” ಎಂದು ಅತ್ತೆ ಅವನ್ನು ಹಿತ್ತಿಲಲ್ಲಿ ಒಣಗಲು ಹಾಕಿದರು. ತವರಿನ ವಸ್ತು, ಒಲೆಗೆ ಹಾಕಲು ಮನಸ್ಸು ಬಂದಿರಲಿಲ್ಲ.

ಮಹಡಿ ಮೇಲಿನ ಮನೆಯಲ್ಲಿ ಅರುಳ್‌ದಾಸ್ ಇದ್ದರು, ರೈಲು ಡಬ್ಬಿ ಮಾಡುವ ಕಾರ್ಖಾನೆಯ ಬಡಗಿ. ಅವರೂ ಹೆಂಡತಿ ಸ್ಟೆಲ್ಲಾ ಅವರೂ ಕ್ರಿಸ್‌ಮಸ್‌ಗೆ ಹುಲ್ಲಿನ ಗುಡಿಸಲು ಕಟ್ಟುವಾಗ ನಾವು ಹುಲ್ಲು ಹಿಡಿದುಕೊಡುತ್ತಿದ್ದೆವು. ಹಾಗೆ ಕೂತಿದ್ದಾಗ ಅಚ್ಚಿನ ವಿಷಯ ಹೇಳಿಬಿಟ್ಟೆ.

“ಅದ ಎಡುತ್ತುಟ್ಟು ವಾ ಪಾಪಾ,” ಎಂದರು ಅರುಳ್‌ದಾಸ್. ಸೀಳಿದ ಅಚ್ಚುಗಳನ್ನು ತಂದುಕೊಟ್ಟೆ.

ಕ್ರಿಸ್‌ಮಸ್ ದಿನ ಸ್ಟೆಲ್ಲಾ ಪೇಪರಿನಲ್ಲಿ ಸುತ್ತಿದ ಒಂದು ಗಂಟು ತಂದು ಅತ್ತೆಯ ಕೈಗಿಟ್ಟರು. ಬಿಚ್ಚಿ ನೋಡಿದರೆ ಹೊಸ ಅಚ್ಚುಗಳು: ಗಿಳಿ, ಮೀನು, ಬೃಂದಾವನ. ಅವುಗಳ ಜೊತೆಗೆ, ಯಾರೂ ಕೇಳಿರದ ಒಂದು ರೈಲು ಎಂಜಿನ್. ಅತ್ತೆ ಎಂಜಿನ್ನಿನ ಚಕ್ರಗಳ ಮೇಲೆ ಬೆರಳಾಡಿಸಿದರು. ಒಳಗೆ ಹೋಗಿ ಕಾಫಿಗೆ ಹಾಲಿಟ್ಟರು.

ಸಂಕ್ರಾಂತಿಗೆ ಮತ್ತೆ ಬಂದೆವು. ನಾವು ಮೊದಲು ತಟ್ಟೆ ಒಯ್ದದ್ದು ಮಹಡಿಗೆ. ಸ್ಟೆಲ್ಲಾ ತೆಗೆದುಕೊಳ್ಳಲಿಲ್ಲ. ನಮ್ಮನ್ನು ಕರೆದುಕೊಂಡೇ ಕೆಳಗಿಳಿದು ಬಂದರು.

“ಅಕ್ಕಾ, ಪಸಂಗ ಕುಡುತ್ತಾ ಪೋದಾದು. ನೀಂಗ ವಾಂಗ,” ಎಂದರು. ಮಕ್ಕಳು ಕೊಟ್ಟರೆ ಸಾಲದು, ನೀವೇ ಬರಬೇಕು ಎಂದು.

ಗಂಡನಿಲ್ಲದವಳು ಹಬ್ಬದ ದಿನ ತಟ್ಟೆ ಹಿಡಿದು ಬಾಗಿಲಿಗೆ ಬರಬಾರದು ಎಂದು ಅತ್ತೆ ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ನನಗೆ ಉತ್ತರ ಸಿಕ್ಕಿದ್ದು ಆಗಲೇ.

ಸ್ಟೆಲ್ಲಾ ನಕ್ಕರು. ನನ್ನ ಮನೆ ಬಾಗಿಲಿಗೆ ಯಾರು ಬರಬಹುದು ಅಂತ ನಾನಲ್ಲವೇ ಹೇಳಬೇಕು, ಅಂದರು.

ಅತ್ತೆ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಮೆಟ್ಟಿಲು ಹತ್ತಿದರು. ಸಕ್ಕರೆ ಎಂಜಿನ್ನಿನ ಹೊಗೆಗೂಡನ್ನು ಅರುಳ್‌ದಾಸ್ ಕಟುಕ್ಕೆಂದು ಕಡಿದು, “ವಂಡಿ ನಲ್ಲಾ ಓಡುದು!” ಗಾಡಿ ಚೆನ್ನಾಗಿ ಓಡುತ್ತೆ, ಎಂದಾಗ ಅತ್ತೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಆ ಬೀದಿಯ ಉಳಿದ ಮನೆಗಳಿಗೂ ಅವರೇ ಹೋದರು. ಎರಡು ಮನೆಯವರು ಬಾಗಿಲ ಹಿಂದೆ ಸರಿದರು. ಅತ್ತೆ ಮುಂದಿನ ಮನೆಗೆ ನಡೆದರು.

ಸಂಜೆ ನಮ್ಮನ್ನು ಬಿಡಲು ಮಣಲಿಗೆ ಬಂದವರು ಹೊಸಿಲಲ್ಲೇ ನಿಂತು ಅಮ್ಮನ ಮುಂದೆ ತಟ್ಟೆ ಚಾಚಿದರು. ಅಮ್ಮ ತಟ್ಟೆಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಸೆರಗೊಡ್ಡಿ, “ಒಳಗೆ ಬನ್ನಿ ಅತ್ತಿಗೆ, ಊಟ ಮಾಡ್ಕೊಂಡೇ ಹೋಗಿ,” ಎಂದಳು.